ಗೋ-ಗೋಸ್ ಮೇಳದ ಏಳುಬೀಳು: ಕೂಡಿ ದುಡಿಯುವವರಿಗೆ ಒಂದು ಪಾಠ

ಹೆಣ್ಣುಮಕ್ಕಳ ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಮೆರಿಕಾ ದೇಶದ ಪಂಕ್ ಪಾಪ್ ಮೇಳವೊಂದರ ವೃತ್ತಾಂತಕ್ಕೆ ಏನು ಸ್ಥಳವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮಂಥ ಪಾಠಶಾಲೆಗಳಲ್ಲಿ ಸಂಗೀತಕ್ಕೆ ಎಂದಿಗೂ ಗೌರವದ ಸ್ಥಾನವುಂಟು. ಬೆಳಗಿನ ಪ್ರಾರ್ಥನೆಯ ಕೀರ್ತನೆಗಳಿಂದ ಮೊದಲುಗೊಂಡು ವಾರ್ಷಿಕೋತ್ಸವದ ಗಾಯನದ ವರೆಗೆ ನಮ್ಮ ಬಾಲಿಕೆಯರು ಕೂಡಿ ಹಾಡಲು ಕಲಿಯುತ್ತಾರೆ. ಶಾಲೆಯನ್ನು ಬಿಟ್ಟ ಮೇಲೆ ಅವರಲ್ಲಿ ಕೆಲವರು ಕೂಡಿ ಹಾಡುವುದನ್ನು ಮುಂದುವರಿಸುತ್ತಾರೆ. ಅನೇಕರು ಕೂಡಿ ಅಂಗಡಿಯನ್ನೋ ಹೊಲಿಗೆಯ ಕೇಂದ್ರವನ್ನೋ ಸಂಘವನ್ನೋ ನಡಿಸುತ್ತಾರೆ. ಕೂಡಿ ಕೆಲಸಮಾಡುವುದು ಸುಲಭ. ಕೂಡಿ ಗಳಿಸಿದ್ದನ್ನು ಹಂಚಿಕೊಳ್ಳುವುದು ಕಷ್ಟ. ಈ ಕಷ್ಟವು ಯಾವ ಬಗೆಯದೆಂಬುದನ್ನು ಗೋ-ಗೋಸ್ ಎಂಬ ಐವರು ಸ್ತ್ರೀಯರ ಮೇಳದ ಚರಿತ್ರೆಯು ಚೆನ್ನಾಗಿ ತೋರಿಸುತ್ತದೆ. ಆದಕಾರಣ ಅವರ ಗುಣವನ್ನೂ ದೋಷವನ್ನೂ ಮುಚ್ಚದೆ ಇಲ್ಲಿ ವಿಚಾರಿಸೋಣ.

1. ಪಂಕ್ ಸಂಗೀತವೆಂದರೇನು?

ಮೊದಲು ಹೆಸರಿನ ವಿಷಯದಲ್ಲಿ ಎರಡು ಮಾತು. 1970ರಿಂದಾಚೆಗಿನ ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕಾ ದೇಶಗಳ ರಾಕ್ ಸಂಗೀತವು ಬಹಳ ಆಡಂಬರದ್ದಾಗಿತ್ತು. ಹಾಡುಗಳು ಉದ್ದವಾದವು, ವಾದ್ಯಗಳ ಬೆಲೆ ಏರಿತು, ವರ್ಷಗಟ್ಟಲೆ ಅಭ್ಯಾಸವಿಲ್ಲದವರಿಗೆ ರಂಗಸ್ಥಳದಲ್ಲಿ ಎಡೆಯಿಲ್ಲವೆಂಬಂತಾಯಿತು. ಇದಕ್ಕೆ ವಿರೋಧವಾಗಿ ಹುಟ್ಟಿದ್ದೇ ಪಂಕ್. ನ್ಯೂಯಾರ್ಕ್ ನಗರದ ರಮೋನ್ಸ್ ಮೇಳದವರು 1976ರಲ್ಲಿ ತಮ್ಮ ಮೊದಲಿನ ರೆಕಾರ್ಡನ್ನು ಪ್ರಕಟಿಸಿದರು. ಅದೇ ವರ್ಷದಲ್ಲಿ ಲಂಡನಿನ ಸೆಕ್ಸ್ ಪಿಸ್ಟಲ್ಸ್ ಮೇಳದ ಮೊದಲಿನ ಹಾಡೂ ಹೊರಬಂದಿತು. ಮೂರು ಸ್ವರಮೇಳಗಳು ತಿಳಿದಿದ್ದರೆ ಸಾಕು, ಎರಡು ಮೂರು ನಿಮಿಷಗಳಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಬಹುದು ಎಂಬುದೇ ಇವರ ತತ್ವವಾಗಿತ್ತು. ಈ ವೇಗಕ್ಕೂ ಒರಟುತನಕ್ಕೂ ಇಂಪಾದ ರಾಗವನ್ನು ಕೂಡಿಸಿದಾಗ ಅದಕ್ಕೆ ಪಂಕ್ ಪಾಪ್ ಎಂಬ ಹೆಸರು ಬಂದಿತು.

ಪಂಕಿನ ಗದ್ದಲವನ್ನೂ ವೇಷವನ್ನೂ ಮೆಚ್ಚದವರು ಬಹಳ ಮಂದಿ ಇದ್ದಾರೆ. ಅವರ ಆಕ್ಷೇಪಣೆಗಳಲ್ಲಿ ನ್ಯಾಯವಾದ ಅಂಶವೂ ಉಂಟು. ಆದರೆ ಒಂದು ಉಪಕಾರವನ್ನು ಅದು ಮಾಡಿತೆಂದು ಒಪ್ಪಲೇಬೇಕು. ಪರಿಪೂರ್ಣತೆ ಬರುವ ತನಕ ಕಾಯುತ್ತಾ ಕುಳಿತವರಿಗೆ ಅದು ಕಾಯಬೇಡಿರೆಂದು ಹೇಳಿತು. ಈ ಮಾತು ವಿಶೇಷವಾಗಿ ಸ್ತ್ರೀಯರ ಕಿವಿಗೆ ಬಿದ್ದಿತು. ಆ ವರೆಗೆ ರಾಕ್ ಮೇಳಗಳಲ್ಲಿ ಸ್ತ್ರೀಯು ಹಾಡಬಹುದಾಗಿತ್ತೇ ಹೊರತು ಗಿಟಾರ್ ಹಿಡಿಯುವುದೂ ಡ್ರಮ್ ಬಾರಿಸುವುದೂ ಅಪರೂಪವಾಗಿತ್ತು. ಫ್ಯಾನಿ ಎಂಬ ಸ್ತ್ರೀಯರ ಮೇಳವು 1970ರಲ್ಲಿ ದೊಡ್ಡ ಸಂಸ್ಥೆಯೊಂದರ ಮೂಲಕ ರೆಕಾರ್ಡನ್ನು ಹೊರತಂದಿತ್ತು. ರನ್‌ಅವೇಸ್ ಎಂಬ ಮತ್ತೊಂದು ಮೇಳವು 1975ರಿಂದ 1979ರ ವರೆಗೆ ನಡೆಯಿತು. ಆದರೂ ಈ ಎರಡು ಮೇಳಗಳವರು ತಮ್ಮ ದೇಶದಲ್ಲಿ ವ್ಯಾಪಾರದ ದೃಷ್ಟಿಯಿಂದ ದೊಡ್ಡ ಜಯವನ್ನು ಕಾಣಲಿಲ್ಲ.

2. ಮೇಳದ ಹುಟ್ಟು

ಕ್ಯಾಲಿಫೋರ್ನಿಯ ಪ್ರಾಂತದ ಲಾಸ್ ಏಂಜಲಿಸ್ ನಗರಕ್ಕೆ ಸೇರಿದ ಹಾಲಿವುಡ್ಡಿನಲ್ಲಿ ಮಾಸ್ಕ್ ಎಂಬ ಒಂದು ನೆಲಮಾಳಿಗೆಯ ಸಂಗೀತಶಾಲೆ ಇತ್ತು. ಇದು 1977ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿಗೆ ಬರುತ್ತಿದ್ದ ಯೌವನಸ್ಥರು ಒಂದು ದಿನ ಕೇಳುವವರಾಗಿದ್ದು ಮರುದಿನ ತಾವೇ ಬಾರಿಸುವವರಾಗುತ್ತಿದ್ದರು. ಇವರಲ್ಲಿ ಬೆಲಿಂಡಾ ಕಾರ್ಲೈಲ್ ಮತ್ತು ಜೇನ್ ವೀಡ್ಲಿನ್ ಎಂಬ ಇಬ್ಬರು ಇದ್ದರು. ಇಬ್ಬರೂ 1958ರಲ್ಲಿ ಹುಟ್ಟಿದವರು. ಜೇನ್ ಉಡುಪುಗಳ ವಿನ್ಯಾಸದ ವಿದ್ಯೆಯನ್ನು ಕಲಿಯುತ್ತಿದ್ದರು. ಮಾರ್ಗೋ ಒಲವಾರಿಯಾ, ಎಲಿಸ್ಸಾ ಬೆಲ್ಲೋ ಎಂಬ ಇನ್ನಿಬ್ಬರು ಗೆಳತಿಯರು ಇವರೊಂದಿಗೆ ಕೂಡಿಕೊಂಡರು. ಹೀಗೆ 1978ರಲ್ಲಿ ಗೋ-ಗೋಸ್ ಮೇಳವು ಹುಟ್ಟಿತು. ಆರಂಭದಲ್ಲಿ ಇವರಿಗೆ ವಾದ್ಯಗಳನ್ನು ಸರಿಯಾಗಿ ಬಾರಿಸಲು ಬರುತ್ತಿರಲಿಲ್ಲವೆಂಬುದನ್ನು ಇವರೇ ಪದೇಪದೇ ಹೇಳಿದ್ದಾರೆ.

ಅದೇ ವರ್ಷದ ಕೊನೆಗೆ ಶಾರ್ಲಟ್ ಕ್ಯಾಫಿ ಎಂಬವರು ಸೇರಿದರು. ಇವರ ವಿಷಯವನ್ನು ನಮ್ಮ ವಾಚಕರು ಗಮನಿಸಬೇಕು. ಇವರು ಲಾಸ್ ಏಂಜಲಿಸಿನ ಇಮ್ಮ್ಯಾಕ್ಯುಲೇಟ್ ಹಾರ್ಟ್ ಎಂಬ ಕ್ಯಾಥೊಲಿಕ್ ಸಭೆಯ ಸ್ತ್ರೀಯರ ಕಾಲೇಜಿನಲ್ಲಿ ಸಂಗೀತದ ಪದವಿಯನ್ನು ಪಡೆದವರು. ಶಾಸ್ತ್ರೀಯ ರೀತಿಯಲ್ಲಿ ಪಿಯಾನೋ ಕಲಿತವರು. ಗದ್ದಲದ ನೆಲಮಾಳಿಗೆಗೆ ಬಂದಾಗಲೂ ಕಾಲೇಜಿನಲ್ಲಿ ಕಲಿತ ವಿದ್ಯೆಯು ಇವರನ್ನು ಬಿಟ್ಟು ಹೋಗಲಿಲ್ಲ. ಮೇಳದ ಅತ್ಯಂತ ಪ್ರಸಿದ್ಧವಾದ ಹಾಡುಗಳಲ್ಲಿ ಕೆಲವನ್ನು ರಚಿಸಿದವರು ಇವರೇ. ಮುಂದೆ 1979ರಲ್ಲಿ ಬಾಲ್ಟಿಮೋರ್ ನಗರದಿಂದ ಬಂದ ಜೀನಾ ಶಾಕ್ ಎಂಬವರು ಬೆಲ್ಲೋರವರ ಸ್ಥಾನದಲ್ಲಿ ಡ್ರಮ್ ಬಾರಿಸತೊಡಗಿದರು. ಕ್ರಮವಾಗಿ ಅಭ್ಯಾಸಮಾಡದೆ ಏನೂ ಆಗದೆಂದು ಇವರು ಹಟಹಿಡಿದರು. ಅಲ್ಲಿಯ ವರೆಗೆ ಮನಸ್ಸು ಬಂದಾಗ ಕೂಡುತ್ತಿದ್ದ ಗೆಳತಿಯರು ಆ ಮೇಲೆ ತಪ್ಪದೆ ಅಭ್ಯಾಸಕ್ಕೆ ಕುಳಿತರು. ಪಂಕ್ ಎಂಬುದು ಅವರಿಗೆ ಆರಂಭಿಸುವ ಧೈರ್ಯವನ್ನು ಕೊಟ್ಟಿತು. ಮುಂದುವರಿಯುವ ಶಕ್ತಿಯನ್ನು ಕೊಟ್ಟದ್ದು ಅಭ್ಯಾಸವೇ.

3. ಇಂಗ್ಲೆಂಡಿನ ಪ್ರಯಾಣ

ಮೇಳದ ವ್ಯವಹಾರಗಳನ್ನು ಜಿಂಜರ್ ಕ್ಯಾನ್ಸೊನೆರಿ ಎಂಬ ಮಹಿಳೆಯು ನೋಡಿಕೊಳ್ಳುತ್ತಿದ್ದರು. ಇವರನ್ನು 1980ರಲ್ಲಿ ಇಂಗ್ಲೆಂಡಿಗೆ ಕರಕೊಂಡು ಹೋಗಲು ಹಣವಿಲ್ಲದಿದ್ದಾಗ ಆಕೆಯು ತನ್ನ ಸ್ವಂತ ವಸ್ತುಗಳನ್ನೇ ಮಾರಿ ಹಣವನ್ನು ಕೂಡಿಸಿದರು. ಅಲ್ಲಿ ಇವರು ಮ್ಯಾಡ್‌ನೆಸ್ ಮತ್ತು ಸ್ಪೆಷಲ್ಸ್ ಎಂಬ ಪ್ರಸಿದ್ಧ ಮೇಳಗಳ ಕಚೇರಿಗಳಲ್ಲಿ ಮೊದಲು ಹಾಡುವವರಾಗಿದ್ದರು. ಅಲ್ಲಿಯ ಅನುಭವವು ಸುಖಕರವಾಗಿರಲಿಲ್ಲ. ಊಟಕ್ಕೂ ಕೊರತೆ, ಇಕ್ಕಟ್ಟಾದ ಬಿಡಾರ, ಸಭೆಯಲ್ಲಿದ್ದ ಪುಂಡ ಯುವಕರು ಹಾಡುವ ಹೆಂಗಸರನ್ನು ಬೈದದ್ದಲ್ಲದೆ ಅವರ ಮೇಲೆ ಉಗುಳುತ್ತಲೂ ಇದ್ದರು. ಇವರು ರಂಗಸ್ಥಳದಲ್ಲಿ ನಿಂತು ಹಾಡನ್ನು ಮುಗಿಸಿ, ಒಳಗೆ ಹೋಗಿ ಅಳುತ್ತಿದ್ದರು. ಮರುದಿನ ಪುನಃ ಹಾಡುತ್ತಿದ್ದರು.

ಈ ಪ್ರಯಾಣದಿಂದ ಎರಡು ಲಾಭಗಳಾದವು. ಸ್ಟಿಫ್ ಎಂಬ ಇಂಗ್ಲಿಷ್ ಸಂಸ್ಥೆಯು ಶಾರ್ಲಟ್ ರಚಿಸಿದ್ದ ‘ವೀ ಗಾಟ್ ದಿ ಬೀಟ್’ ಎಂಬ ಹಾಡಿನ ಬಿಡಿ ರೆಕಾರ್ಡನ್ನು 1980ರಲ್ಲಿ ಪ್ರಕಟಿಸಿತು. ಅದು ಅಮೆರಿಕಾದ ನರ್ತನಶಾಲೆಗಳಲ್ಲಿ ಪ್ರಚಾರಕ್ಕೆ ಬಂದಿತು. ಎರಡನೆಯದಾಗಿ, ಸ್ಪೆಷಲ್ಸ್ ಮೇಳದ ಗಾಯಕರಾಗಿದ್ದ ಟೆರಿ ಹಾಲ್ ಎಂಬವರು ಟಪಾಲಿನಲ್ಲಿ ಕಳುಹಿಸಿದ ಕೆಲವು ಸಾಲುಗಳನ್ನು ಜೇನ್ ಮುಗಿಸಿ ರಾಗಹಾಕಿದರು. ‘ಅವರ್ ಲಿಪ್ಸ್ ಆರ್ ಸೀಲ್ಡ್’ ಎಂಬ ಆ ಹಾಡೇ ಮುಂದೆ ಇವರ ಭಾಗ್ಯದ ಬಾಗಿಲನ್ನು ತೆರೆಯಿತು. ಊರಿಗೆ ಮರಳಿದಾಗ ಇವರ ಕೈಯಲ್ಲಿ ಹಣವಿರಲಿಲ್ಲ. ಆದರೆ ಪ್ರತಿ ರಾತ್ರಿ ಪ್ರತಿಕೂಲ ಸಭೆಯ ಮುಂದೆ ಬಾರಿಸಿದ್ದರಿಂದ ಕೈಯೂ ಧೈರ್ಯವೂ ಗಟ್ಟಿಯಾಗಿದ್ದವು.

ಇಲ್ಲಿ ಒಂದು ದುಃಖದ ಸಂಗತಿಯನ್ನೂ ಹೇಳಬೇಕು. ಸ್ಥಾಪಕರಲ್ಲಿ ಒಬ್ಬರಾದ ಮಾರ್ಗೋ ಒಲವಾರಿಯಾ ಮೇಳವು ಪಂಕನ್ನು ಬಿಟ್ಟು ಪಾಪ್ ಕಡೆಗೆ ವಾಲುವುದನ್ನು ಒಪ್ಪುತ್ತಿರಲಿಲ್ಲ. 1980ರ ಕೊನೆಗೆ ಅವರು ಕಾಮಾಲೆಯಿಂದ ಮಲಗಿದ್ದಾಗ ಅವರ ಸ್ಥಾನಕ್ಕೆ ಟೆಕ್ಸಸ್ ಪ್ರಾಂತದ ಕ್ಯಾಥಿ ವ್ಯಾಲೆಂಟೈನ್ ಎಂಬವರನ್ನು ತಂದರು. ಆ ಮೇಲೆ ಮಾರ್ಗೋರವರನ್ನು ಪುನಃ ಸೇರಿಸಿಕೊಳ್ಳಲಿಲ್ಲ. ಗಿಟಾರ್ ಬಾರಿಸುತ್ತಿದ್ದ ಕ್ಯಾಥಿಯು ಕೆಲವೇ ದಿನಗಳಲ್ಲಿ ಬಾಸ್ ಗಿಟಾರನ್ನು ಅಭ್ಯಾಸಮಾಡಿ ರಂಗಸ್ಥಳಕ್ಕೆ ಬಂದದ್ದು ಶ್ಲಾಘನೀಯವೇ ಸರಿ. ಆದರೆ ಅಸ್ವಸ್ಥಳಾದ ಗೆಳತಿಯನ್ನು ಹೊರಗಿಟ್ಟ ರೀತಿಯು ಶ್ಲಾಘನೀಯವಲ್ಲ. ಅಭಿಪ್ರಾಯಭೇದವಿದ್ದರೆ ಎದುರು ಕೂತು ಮಾತಾಡಿ ಬೇರ್ಪಡಬಹುದು; ಕಾಯಿಲೆಯ ಸಮಯವನ್ನು ಅದಕ್ಕಾಗಿ ಆರಿಸಿಕೊಳ್ಳಬಾರದು. ಮುಂದೆ ಈ ಮೇಳದಲ್ಲಿ ಕಂಡುಬಂದ ಅನೇಕ ಬಿರುಕುಗಳ ಬೀಜವು ಇಲ್ಲಿಯೇ ಬಿದ್ದಿತೆಂದು ನಮಗೆ ತೋರುತ್ತದೆ.

4. ಪ್ರಥಮ ಸ್ಥಾನ

ಲಾಸ್ ಏಂಜಲಿಸಿನಲ್ಲಿ ಇವರ ಕಚೇರಿಗಳಿಗೆ ಜನರು ತುಂಬಿ ತುಳುಕುತ್ತಿದ್ದರೂ ರೆಕಾರ್ಡ್ ಸಂಸ್ಥೆಗಳು ಕರಾರು ಮಾಡಿಕೊಳ್ಳಲು ಹಿಂಜರಿದವು. ಸ್ತ್ರೀಯರ ಮೇಳವೊಂದು ಈ ವರೆಗೆ ಗೆದ್ದಿಲ್ಲ, ಆದಕಾರಣ ಇನ್ನು ಮುಂದೆಯೂ ಗೆಲ್ಲಲಾರದು ಎಂಬುದೇ ಅವರ ತರ್ಕ. ಯಾರಿಗೂ ಅವಕಾಶ ಕೊಡದೆ ಯಾರೂ ಗೆದ್ದಿಲ್ಲವೆಂದು ಹೇಳುವುದು ಎಂಥ ನ್ಯಾಯ! ಕೊನೆಗೆ 1981ರ ಏಪ್ರಿಲಿನಲ್ಲಿ ಮೈಲ್ಸ್ ಕೋಪ್‌ಲ್ಯಾಂಡ್ ಎಂಬವರ ಐ.ಆರ್.ಎಸ್. ಎಂಬ ಚಿಕ್ಕ ಸಂಸ್ಥೆಯು ಇವರನ್ನು ಅಂಗೀಕರಿಸಿತು.

ನ್ಯೂಯಾರ್ಕಿನಲ್ಲಿ ರಿಚರ್ಡ್ ಗಾಟೆರರ್ ಮತ್ತು ರಾಬ್ ಫ್ರೀಮನ್ ಎಂಬವರ ನಿರ್ದೇಶನದಲ್ಲಿ ‘ಬ್ಯೂಟಿ ಅಂಡ್ ದಿ ಬೀಟ್’ ಎಂಬ ಇವರ ಮೊದಲಿನ ದೊಡ್ಡ ರೆಕಾರ್ಡು ಸಿದ್ಧವಾಯಿತು. ಹಾಡುಗಳ ವೇಗವನ್ನು ತಗ್ಗಿಸಿ, ಪ್ರತಿಯೊಂದು ಮಾತೂ ರಾಗವೂ ಸ್ಪಷ್ಟವಾಗಿ ಕೇಳುವಂತೆ ಮಾಡಿದ್ದರು. ಅದನ್ನು ಕೇಳಿದಾಗ ತಮ್ಮ ಪಂಕ್ ಹಾಡುಗಳನ್ನು ಕೆಡಿಸಿಬಿಟ್ಟರೆಂದು ಇವರು ಮೊದಲು ಕೋಪಗೊಂಡರು. ಆದರೆ ಒರಟಾದ ಹೊದಿಕೆಯ ಕೆಳಗೆ ಅಡಗಿದ್ದ ಇಂಪು ಹೊರಗೆ ಬಂದದ್ದು ಈ ಉಪಾಯದಿಂದಲೇ.

ರೆಕಾರ್ಡು 1981ರ ಜುಲೈಯಲ್ಲಿ ಪ್ರಕಟವಾಯಿತು. ಅದೇ ಆಗಸ್ಟ್ 1ರಂದು ಅಮೆರಿಕಾದಲ್ಲಿ ಎಂಟಿವಿ ಎಂಬ ಸಂಗೀತದ ಟೆಲಿವಿಷನ್ ಆರಂಭವಾದದ್ದು ಇವರಿಗೆ ಅನುಕೂಲವಾಯಿತು. ಪೊಲೀಸ್ ಎಂಬ ಮತ್ತೊಂದು ಮೇಳದ ಚಿತ್ರಗಳಿಗಾಗಿ ಇಟ್ಟಿದ್ದ ಹಣದಲ್ಲಿ ಉಳಿದದ್ದರಿಂದ ಇವರ ಹಾಡಿನ ಚಿತ್ರವನ್ನು ತೆಗೆಯಲಾಯಿತು. ತೆರೆದ ಕಾರಿನಲ್ಲಿ ಊರು ಸುತ್ತುತ್ತಾ ಕಾರಂಜಿಯಲ್ಲಿ ನೀರೆರಚಿಕೊಳ್ಳುವ ಐವರು ಗೆಳತಿಯರನ್ನು ದೇಶವೆಲ್ಲವೂ ಕಂಡಿತು. ‘ಅವರ್ ಲಿಪ್ಸ್ ಆರ್ ಸೀಲ್ಡ್’ ಬಿಲ್‌ಬೋರ್ಡ್ ಪತ್ರಿಕೆಯ ಹಾಡುಗಳ ಪಟ್ಟಿಯಲ್ಲಿ 20ನೆಯ ಸ್ಥಾನಕ್ಕೆ ಏರಿತು. ‘ವೀ ಗಾಟ್ ದಿ ಬೀಟ್’ 2ನೆಯ ಸ್ಥಾನಕ್ಕೆ ಬಂದಿತು. ಕೊನೆಗೆ 1982ರ ಮಾರ್ಚಿಯಲ್ಲಿ ‘ಬ್ಯೂಟಿ ಅಂಡ್ ದಿ ಬೀಟ್’ ಸ್ವತಃ ರೆಕಾರ್ಡುಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನವನ್ನು ಹೊಂದಿ ಆರು ವಾರಗಳ ಕಾಲ ಅಲ್ಲಿಯೇ ನಿಂತಿತು. ಆಗ ಇವರು ಪೊಲೀಸ್ ಮೇಳದ ಕಚೇರಿಗಳಲ್ಲಿ ಮೊದಲು ಹಾಡುವ ಚಿಕ್ಕ ಮೇಳವಾಗಿದ್ದರು. ಪಟ್ಟಿಯಲ್ಲಾದರೋ ಆ ದೊಡ್ಡ ಮೇಳವನ್ನೇ ಹಿಂದೆ ಹಾಕಿದರು. ಅಮೆರಿಕಾದಲ್ಲಿಯೇ ಈ ರೆಕಾರ್ಡಿನ 20 ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಮಾರಾಟವಾದವು. ತಮ್ಮ ಹಾಡುಗಳನ್ನು ತಾವೇ ರಚಿಸಿ, ವಾದ್ಯಗಳನ್ನು ತಾವೇ ಬಾರಿಸಿದ ಸ್ತ್ರೀಯರ ಮೇಳವೊಂದು ಆ ಪಟ್ಟಿಯ ತುದಿಗೇರಿದ್ದು ಅದೇ ಮೊದಲು.

ಕೀರ್ತಿಯೊಂದಿಗೆ ಅದರ ಬೆಲೆಯೂ ಬಂದಿತು. ರೋಲಿಂಗ್ ಸ್ಟೋನ್ ಎಂಬ ಪತ್ರಿಕೆಯು 1982ರ ಆಗಸ್ಟ್ ತಿಂಗಳ ಸಂಚಿಕೆಯೊಂದರ ಮುಖಪುಟದಲ್ಲಿ ಇವರನ್ನು ಒಳಉಡುಪಿನಲ್ಲಿ ತೋರಿಸಿ ದ್ವಂದ್ವಾರ್ಥದ ತಲೆಬರಹವನ್ನು ಕೊಟ್ಟಿತು. ಆ ತಲೆಬರಹದಿಂದ ಇವರಿಗೆ ನೋವಾಯಿತು. ಇವರು ಪ್ರಸಿದ್ಧಿಗೆ ಬಂದದ್ದು ಕೈಯ ಕೆಲಸದಿಂದ. ಲೋಕವು ನೋಡಲು ಬಯಸಿದ್ದು ಬೇರೊಂದನ್ನು. ಹೆಣ್ಣುಮಕ್ಕಳು ಯಾವ ವೃತ್ತಿಗೆ ಹೋದರೂ ಈ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಇದರಿಂದ ತಿಳಿಯುತ್ತದೆ.

5. ಹಣದ ಲೆಕ್ಕ

ಈಗ ನಮ್ಮ ಪಾಠದ ಮುಖ್ಯ ಭಾಗಕ್ಕೆ ಬರುವೆವು. ಐವರೂ ಒಂದೇ ರಂಗಸ್ಥಳದಲ್ಲಿ ನಿಂತು ಒಂದೇ ಸಮನಾಗಿ ಬೆವರಿಳಿಸುತ್ತಿದ್ದರೂ ಐವರಿಗೂ ಒಂದೇ ಸಮನಾಗಿ ಹಣವು ಬರುತ್ತಿರಲಿಲ್ಲ. ಇದಕ್ಕೆ ಯಾರೂ ಕಳವು ಮಾಡಿದ್ದು ಕಾರಣವಲ್ಲ. ಸಂಗೀತದ ವ್ಯಾಪಾರದಲ್ಲಿ ಎರಡು ಬಗೆಯ ಹಕ್ಕುಗಳುಂಟು. ಹಾಡನ್ನು ರಚಿಸಿದವರ ಹಕ್ಕು ಒಂದು. ಅದನ್ನು ಹಾಡಿ ಬಾರಿಸಿ ಮುದ್ರಿಸಿದ ರೆಕಾರ್ಡಿನ ಹಕ್ಕು ಇನ್ನೊಂದು. ರೆಕಾರ್ಡು ಮಾರಾಟವಾದಾಗ ಹಾಡಿದವರಿಗೆ ಬರುವ ಪಾಲಿನಿಂದ ಸಂಸ್ಥೆಯು ಮೊದಲು ಮುಂಗಡ ಕೊಟ್ಟ ಹಣವನ್ನೂ ಮುದ್ರಣದ ಖರ್ಚನ್ನೂ ಹಿಡಿದುಕೊಳ್ಳುವುದು ವಾಡಿಕೆ. ರಚಿಸಿದವರಿಗಾದರೋ ಪ್ರತಿಯೊಂದು ಪ್ರತಿಗೂ ಬೇರೆಯಾಗಿ ಹಣ ಸಲ್ಲುತ್ತದೆ. ಅದಲ್ಲದೆ, ಅಮೆರಿಕಾದ ರೇಡಿಯೋ ನಿಲಯಗಳು ಹಾಡನ್ನು ಪ್ರಸಾರಮಾಡುವಾಗ ರಚಿಸಿದವರಿಗೆ ಹಣ ಕೊಡುತ್ತವೆಯೇ ಹೊರತು ಹಾಡಿದವರಿಗೂ ಬಾರಿಸಿದವರಿಗೂ ಕೊಡುವುದಿಲ್ಲ.

ಇದರ ಫಲವೇನೆಂದು ಸುಲಭವಾಗಿ ಊಹಿಸಬಹುದು. ಹಾಡುಗಳಲ್ಲಿ ಹೆಚ್ಚಿನವನ್ನು ಶಾರ್ಲಟ್ ಮತ್ತು ಜೇನ್ ರಚಿಸಿದ್ದರು. ದಿನವೂ ನೂರಾರು ನಿಲಯಗಳಲ್ಲಿ ‘ವೀ ಗಾಟ್ ದಿ ಬೀಟ್’ ಹಾಡು ಕೇಳಿಬಂದಾಗ ರಚಿಸಿದ ಶಾರ್ಲಟ್‌ರಿಗೆ ಹಣ ಬಂದಿತು. ಆ ಹಾಡಿನ ಮೊದಲಿನ ಸದ್ದೇ ಜೀನಾರ ಡ್ರಮ್ಮಿನದು. ಆದರೆ ರೇಡಿಯೋದಿಂದ ಜೀನಾರಿಗೆ ಒಂದು ಕಾಸೂ ಬರಲಿಲ್ಲ. ಒಂದೇ ಮೇಳದಲ್ಲಿ ಒಬ್ಬರು ಮನೆಯನ್ನು ಕೊಂಡುಕೊಳ್ಳುವಾಗ ಇನ್ನೊಬ್ಬರು ಬಾಡಿಗೆಯ ಚಿಂತೆಯಲ್ಲಿದ್ದರೆ ಗೆಳೆತನವು ಹೇಗೆ ನಿಂತೀತು?

ಎರಡು ಕಡೆಯಲ್ಲಿಯೂ ನ್ಯಾಯವುಂಟು. ಹಾಡನ್ನು ರಚಿಸುವುದು ದೊಡ್ಡ ಶ್ರಮ, ಹಾಡಿಲ್ಲದೆ ಮೇಳವಿಲ್ಲ. ರಚಿಸಿದವರಿಗೆ ಹೆಚ್ಚು ಸಲ್ಲಬೇಕೆಂಬುದು ಸರಿ. ಆದರೆ ಜೀನಾರ ಹೊಡೆತವೂ ಬೆಲಿಂಡಾರ ಕಂಠವೂ ಇಲ್ಲದಿದ್ದರೆ ಆ ಹಾಡು ಕಾಗದದ ಮೇಲೆಯೇ ಇರುತ್ತಿತ್ತು ಎಂಬುದೂ ಸರಿ. ಕೆಲವು ಮೇಳಗಳವರು ಯಾರು ರಚಿಸಿದರೂ ಎಲ್ಲರ ಹೆಸರನ್ನು ಹಾಕಿ ಸಮವಾಗಿ ಹಂಚಿಕೊಳ್ಳುತ್ತಾರೆ. ಕೆಲವರು ಒಂದಂಶವನ್ನು ರಚಿಸಿದವರಿಗೆ ಬಿಟ್ಟು ಉಳಿದುದನ್ನು ಹಂಚುತ್ತಾರೆ. ಇವುಗಳಲ್ಲಿ ಯಾವ ಪದ್ಧತಿಯು ಶ್ರೇಷ್ಠವೆಂದು ನಾವು ತೀರ್ಪು ಕೊಡಲಾರೆವು. ಒಂದನ್ನು ಮಾತ್ರ ಹೇಳಬಹುದು: ಯಾವ ಪದ್ಧತಿಯೇ ಆಗಲಿ, ಹಣ ಬರುವುದಕ್ಕೆ ಮುಂಚೆಯೇ ನಿಷ್ಕರ್ಷೆಯಾಗಬೇಕು. ಬರಿಗೈಯಲ್ಲಿರುವಾಗ ನಾವೆಲ್ಲರೂ ಉದಾರಿಗಳು. ಹಣ ಬಂದ ಮೇಲೆ ಎತ್ತಿದ ಪ್ರಶ್ನೆಯು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ದೂರಾಗಿ ಕೇಳಿಸುತ್ತದೆ.

6. ಒಡಕು

ಮೇಳವು 1982ರಲ್ಲಿ ‘ವೆಕೇಷನ್’ ಎಂಬ ಎರಡನೆಯ ರೆಕಾರ್ಡನ್ನು ಪ್ರಕಟಿಸಿತು. ಅದೇ ಹೆಸರಿನ ಹಾಡು 8ನೆಯ ಸ್ಥಾನಕ್ಕೆ ಬಂದಿತು. ಮೂರನೆಯದಾದ ‘ಟಾಕ್ ಷೋ’ 1984ರಲ್ಲಿ ಬಂದಿತು. ಅದರಲ್ಲಿಯ ‘ಹೆಡ್ ಓವರ್ ಹೀಲ್ಸ್’ ಹಾಡು 11ನೆಯ ಸ್ಥಾನವನ್ನು ಮುಟ್ಟಿತು. ಆದರೆ ಮಾರಾಟವು ಒಂದರಿಂದೊಂದಕ್ಕೆ ಇಳಿಯುತ್ತಲೇ ಹೋಯಿತು. ನಡುವೆ, ತನ್ನ ಸೊತ್ತುಗಳನ್ನು ಮಾರಿ ಇವರನ್ನು ಮೇಲೆತ್ತಿದ ಜಿಂಜರ್ ಕ್ಯಾನ್ಸೊನೆರಿಯವರೂ ದೂರ ಸರಿದರು. ದೊಡ್ಡ ವ್ಯವಹಾರಗಾರರು ಆ ಸ್ಥಾನಕ್ಕೆ ಬಂದರು. ಇವರ ಒಳಗನ್ನು ಬಲ್ಲ ಹಿತೈಷಿಯೊಬ್ಬರು ಹೀಗೆ ಇಲ್ಲವಾದರು.

ಇದಕ್ಕಿಂತಲೂ ದೊಡ್ಡ ಶತ್ರುವು ಮೇಳದ ಒಳಗೇ ಇತ್ತು. ಅದು ಮದ್ಯ ಮತ್ತು ಮಾದಕ ದ್ರವ್ಯ. ಹೊರಗೆ ಇವರು ನಗುಮುಖದ ನೆರೆಮನೆಯ ಹುಡುಗಿಯರೆಂದು ಹೆಸರಾಗಿದ್ದರು. ಒಳಗೆ ಕೊಕೇನ್ ಹರಿದಾಡುತ್ತಿತ್ತು. ಶಾರ್ಲಟ್ ಹೆರಾಯಿನ್ ಎಂಬ ಘೋರ ದ್ರವ್ಯಕ್ಕೆ ದಾಸಿಯಾಗಿದ್ದರು. ಬುದ್ಧಿವಂತೆ, ವಿದ್ಯಾವಂತೆ, ಮೇಳದ ಹಾಡುಗಳ ಒರತೆಯೇ ಆಗಿದ್ದ ಈ ಮಹಿಳೆಗೆ ಈ ದುರ್ಗತಿಯು ಬಂದದ್ದನ್ನು ಯೋಚಿಸುವಾಗ, ಒಳ್ಳೇ ಶಿಕ್ಷಣವೊಂದೇ ಕಾಪಾಡುವುದೆಂದು ನೆಚ್ಚಿಕೊಂಡಿರುವ ತಾಯಿತಂದೆಗಳು ಎಚ್ಚರಗೊಳ್ಳಬೇಕು. ಈ ವ್ಯಸನದ ಸ್ವಭಾವವೇ ಗುಪ್ತವಾಗಿರುವುದು. ಅದನ್ನು ಅಡಗಿಸಲು ಸುಳ್ಳು, ಸುಳ್ಳನ್ನು ಅಡಗಿಸಲು ದೂರ, ದೂರದಿಂದ ಸಂಶಯ. ಹೀಗೆ ಒಂದರಿಂದೊಂದು ಹುಟ್ಟುತ್ತದೆ.

ಜೇನ್ ವೀಡ್ಲಿನ್ 1984ರ ಅಕ್ಟೋಬರಿನಲ್ಲಿ ಮೇಳವನ್ನು ಬಿಟ್ಟರು. ಹಣದ ಹಂಚಿಕೆಯ ಜಗಳವೂ, ತಾನು ರಚಿಸಿದ ಹಾಡನ್ನು ತಾನೇ ಹಾಡಲು ಗೆಳತಿಯರು ಒಪ್ಪದಿದ್ದ ಬೇಸರವೂ ಇದಕ್ಕೆ ಕಾರಣವಾಗಿದ್ದವು. ಅವರು ಹೋದ ಮೇಲೆ ಪಾಲಾ ಜೀನ್ ಬ್ರೌನ್ ಎಂಬವರು ಸೇರಿದರು. 1985ರ ಜನವರಿಯಲ್ಲಿ ಬ್ರೆಜಿಲ್ ದೇಶದ ದೊಡ್ಡ ಸಂಗೀತೋತ್ಸವದಲ್ಲಿ ಇವರು ಹಾಡಿದರು. ಅದೇ ವರ್ಷ ಶಾರ್ಲಟ್ ಚಿಕಿತ್ಸಾಲಯಕ್ಕೆ ಸೇರಿ ವ್ಯಸನದಿಂದ ಬಿಡುಗಡೆ ಹೊಂದಿದರು. ಸ್ವಸ್ಥಚಿತ್ತರಾದ ಮೇಲೆ, ಮೇಳವು ಹೀಗೆ ನಡೆಯಲಾರದೆಂದು ಅವರಿಗೆ ಕಂಡಿತು. 1985ರ ಮೇ ತಿಂಗಳಲ್ಲಿ ಅವರೂ ಬೆಲಿಂಡಾರೂ ಮೇಳವನ್ನು ವಿಸರ್ಜಿಸುವುದೆಂದು ತೀರ್ಮಾನಿಸಿದರು. ಈ ತೀರ್ಮಾನದಲ್ಲಿ ಪಾಲಿಲ್ಲದ ಜೀನಾ ಮತ್ತು ಕ್ಯಾಥಿ ಕೈಬಿಡಲ್ಪಟ್ಟವರಂತಾದರು. ಪ್ರಥಮ ಸ್ಥಾನವನ್ನು ಕಂಡ ಮೂರು ವರ್ಷಗಳಲ್ಲಿಯೇ ಎಲ್ಲವೂ ಮುಗಿಯಿತು.

7. ಪುನಃ ಕೂಡಿದ್ದು

ಬೇರ್ಪಟ್ಟ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ದಾರಿಯನ್ನು ಹಿಡಿದರು. ಬೆಲಿಂಡಾ ಒಂಟಿಯಾಗಿ ಹಾಡಿ 1987ರಲ್ಲಿ ‘ಹೆವನ್ ಈಸ್ ಎ ಪ್ಲೇಸ್ ಆನ್ ಅರ್ಥ್’ ಎಂಬ ಹಾಡಿನಿಂದ ಪ್ರಥಮ ಸ್ಥಾನವನ್ನು ಪಡೆದರು. ಜೇನ್‌ರ ‘ರಷ್ ಅವರ್’ ಎಂಬ ಹಾಡು 1988ರಲ್ಲಿ 9ನೆಯ ಸ್ಥಾನಕ್ಕೆ ಬಂದಿತು. ಪರಿಸರ ಸಂರಕ್ಷಣೆಗೆ ಸಂಬಂಧಪಟ್ಟ ಒಂದು ಕಾರ್ಯದ ಸಹಾಯಾರ್ಥವಾಗಿ 1990ರಲ್ಲಿ ಐವರೂ ಪುನಃ ಒಂದೇ ರಂಗಸ್ಥಳಕ್ಕೆ ಬಂದರು. 2001ರಲ್ಲಿ ‘ಗಾಡ್ ಬ್ಲೆಸ್ ದಿ ಗೋ-ಗೋಸ್’ ಎಂಬ ಹೊಸ ರೆಕಾರ್ಡನ್ನು ಹೊರತಂದರು. ಅದರಲ್ಲಿಯ ಒಂದು ಹಾಡನ್ನು ರಚಿಸುವುದರಲ್ಲಿ ಗ್ರೀನ್ ಡೇ ಎಂಬ ಪ್ರಸಿದ್ಧ ಪಂಕ್ ಪಾಪ್ ಮೇಳದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಪಾಲುಗೊಂಡಿದ್ದರು.

ಆದರೂ ಹಳೆಯ ಗಾಯಗಳು ಬೇಗನೆ ಮಾಯಲಿಲ್ಲ. 2013ರಲ್ಲಿ ಕ್ಯಾಥಿ ಹೊರಗೆ ಹೋದರು. ವಿಷಯವು ನ್ಯಾಯಾಲಯಕ್ಕೂ ಹೋಯಿತು. ಐದು ವರ್ಷಗಳ ಮೇಲೆ, 2018ರಲ್ಲಿ, ಅವರು ಮರಳಿ ಬಂದರು. ಅದೇ ವರ್ಷ ಇವರ ಹಾಡುಗಳನ್ನು ಇಂಗ್ಲಿಷ್ ಕವಿ ಸರ್ ಫಿಲಿಪ್ ಸಿಡ್ನಿಯವರ ‘ಆರ್ಕೇಡಿಯ’ ಎಂಬ ಹದಿನಾರನೆಯ ಶತಮಾನದ ಕಥೆಗೆ ಹೊಂದಿಸಿ ಮಾಡಿದ ನಾಟಕವು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಡೆಯಿತು. 2020ರಲ್ಲಿ ಅಲಿಸನ್ ಎಲ್ವುಡ್ ಎಂಬ ಮಹಿಳೆಯು ಇವರ ಚರಿತ್ರೆಯ ಸಾಕ್ಷ್ಯಚಿತ್ರವನ್ನು ಮಾಡಿದರು. ಅದರಲ್ಲಿ ಹೊರಗೆ ಹಾಕಲ್ಪಟ್ಟ ಮಾರ್ಗೋರವರೂ ದೂರ ಸರಿದ ಜಿಂಜರ್‌ರವರೂ ತಮ್ಮ ಮಾತನ್ನು ತಾವೇ ಹೇಳಿದ್ದಾರೆ. ಗೆದ್ದವರ ಬಾಯಿಂದ ಮಾತ್ರವಲ್ಲದೆ ಬಿಡಲ್ಪಟ್ಟವರ ಬಾಯಿಂದಲೂ ಕೇಳಿದರೇನೇ ಒಂದು ಚರಿತ್ರೆಯು ಸತ್ಯವಾಗುವುದು.

ಮೊದಲಿನ ರೆಕಾರ್ಡು ಪ್ರಕಟವಾಗಿ 25 ವರ್ಷ ಕಳೆದ ಮೇಲೆ ರಾಕ್ ಸಂಗೀತಗಾರರಿಗೆ ಅಮೆರಿಕಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಸಂಸ್ಥೆಯಲ್ಲಿ ಸೇರಲು ಅರ್ಹತೆಯುಂಟು. ಗೋ-ಗೋಸ್ ಮೇಳಕ್ಕೆ ಆ ಗೌರವವು ಬಂದದ್ದು 2021ರ ಅಕ್ಟೋಬರ್ 30ರಂದು, ಕ್ಲೀವ್‌ಲ್ಯಾಂಡ್ ನಗರದಲ್ಲಿ. ಅಂದು ಬೆಲಿಂಡಾ, ಜೇನ್, ಶಾರ್ಲಟ್, ಜೀನಾ, ಕ್ಯಾಥಿ ಐವರೂ ಒಟ್ಟಿಗೆ ನಿಂತು ಹಾಡಿದರು. 2025ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲಾ ಉತ್ಸವದಲ್ಲಿ ಮತ್ತೊಮ್ಮೆ ಹಾಡಿದರು. ವ್ಯಸನಗಳ ವಿಷಯವಾಗಿಯೂ ಒಂದು ಮಾತು: ಶಾರ್ಲಟ್ 1985ರಲ್ಲಿ, ಕ್ಯಾಥಿ 1989ರಲ್ಲಿ, ಬೆಲಿಂಡಾ 2005ರಲ್ಲಿ ಅವುಗಳನ್ನು ತೊರೆದರು. ಬೆಲಿಂಡಾರಿಗೆ ನಮ್ಮ ಭಾರತದೊಂದಿಗೂ ಸಂಬಂಧವುಂಟು. ಕಲ್ಕತ್ತದ ಬೀದಿಯ ಮೂಕಪ್ರಾಣಿಗಳ ಆರೈಕೆಗಾಗಿ ಹುಟ್ಟಿದ ಒಂದು ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು.

8. ನಾವು ಕಲಿಯತಕ್ಕದ್ದು

ಈ ವೃತ್ತಾಂತದಿಂದ ನಮ್ಮ ಹಳೆ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಏನನ್ನು ಗ್ರಹಿಸಬೇಕು?

ಮೊದಲನೆಯದು, ಆರಂಭಿಸುವುದಕ್ಕೆ ಪೂರ್ಣ ಪಾಂಡಿತ್ಯವು ಬೇಕಾಗಿಲ್ಲ. ಆದರೆ ಅಭ್ಯಾಸವಿಲ್ಲದೆ ನಿಲ್ಲಲಾಗದು. ನೆಲಮಾಳಿಗೆಯಲ್ಲಿ ತಪ್ಪುತಪ್ಪಾಗಿ ಬಾರಿಸಿದ ಗೆಳತಿಯರೇ ನಾಲ್ಕು ವರ್ಷಗಳಲ್ಲಿ ದೇಶದ ಪ್ರಥಮ ಸ್ಥಾನಕ್ಕೆ ಬಂದರು. ತಲಾಂತುಗಳ ಸಾಮ್ಯದಲ್ಲಿ ಯಜಮಾನನು ಗದರಿಸಿದ್ದು ಕಡಿಮೆ ಹೊಂದಿದ್ದಕ್ಕಾಗಿ ಅಲ್ಲ, ಹೊಂದಿದ್ದನ್ನು ನೆಲದಲ್ಲಿ ಹೂಣಿಟ್ಟದ್ದಕ್ಕಾಗಿ ಎಂಬುದು ನಮಗೆ ತಿಳಿದದ್ದೇ.

ಎರಡನೆಯದು, ಲೆಕ್ಕಪತ್ರವು ಸ್ನೇಹಕ್ಕೆ ವಿರೋಧವಲ್ಲ, ಅದರ ಬೇಲಿ. ಗೆಳತಿಯರ ನಡುವೆ ಕಾಗದಪತ್ರವೇಕೆ ಎಂದು ನಮ್ಮಲ್ಲಿ ಹೇಳುವವರು ಬಹಳ. ಬೇಲಿಯಿಲ್ಲದ ತೋಟವು ಎಷ್ಟು ದಿನ ಉಳಿದೀತು? ನಮ್ಮ ಬಾಲಿಕೆಯರಿಗೆ ಕಸೂತಿಯನ್ನೂ ಸಂಗೀತವನ್ನೂ ಕಲಿಸುವಾಗ, ಒಂದು ಕರಾರನ್ನು ಓದಿ ಅರ್ಥಮಾಡಿಕೊಳ್ಳುವುದನ್ನೂ ಕಲಿಸುವುದು ಒಳ್ಳೇದು. ತನ್ನ ಕೆಲಸದ ಹಕ್ಕು ಯಾರದೆಂದು ಕೇಳುವುದು ದುರಾಶೆಯಲ್ಲ.

ಮೂರನೆಯದು, ಕೂಡಿ ದುಡಿಯುವವರಲ್ಲಿ ಒಬ್ಬಳು ಕುಗ್ಗುತ್ತಿರುವಾಗ ಉಳಿದವರು ಮೌನವಾಗಿರುವುದು ದಯೆಯಲ್ಲ. ಆ ಮೇಳದವರು ದಿನವೂ ಒಟ್ಟಿಗೆ ಪ್ರಯಾಣಮಾಡುತ್ತಿದ್ದರು. ಆದರೂ ಶಾರ್ಲಟ್‌ರ ವ್ಯಸನವು ವರ್ಷಗಟ್ಟಲೆ ನಡೆಯಿತು. ತಾಯಿತಂದೆಗಳು ಮಗಳ ಗಳಿಕೆಯನ್ನು ಕೇಳುವಷ್ಟೇ ಆಸಕ್ತಿಯಿಂದ ಅವಳ ನಿದ್ದೆ, ಊಟ, ಸಂಗಡಿಗರನ್ನು ಕುರಿತೂ ಕೇಳಬೇಕು. ಕೇಳುವಾಗ ದಂಡಿಸುವ ಸ್ವರವಿರಬಾರದು. ಯಾಕಂದರೆ ಹೆದರಿದವರು ನಿಜವನ್ನು ಹೇಳುವುದಿಲ್ಲ.

ನಾಲ್ಕನೆಯದು, ಬಿರಿದ ಸ್ನೇಹವು ಪುನಃ ಕೂಡಲಾರದೆಂದು ಯಾರೂ ತಿಳಿಯಬಾರದು. ಗೋ-ಗೋಸ್ ಮೇಳದ ವಿಜಯದ ಕಾಲವು ಮೂರು ನಾಲ್ಕು ವರ್ಷಗಳು ಮಾತ್ರ. ಜಗಳವಾಡಿದ್ದೂ ಒಂದುಗೂಡಿದ್ದೂ ಮೂವತ್ತು ವರ್ಷಗಳಿಗಿಂತ ಹೆಚ್ಚು. ನಮ್ಮ ಎಣಿಕೆಯಲ್ಲಿ ಈ ಎರಡನೆಯ ಭಾಗವೇ ದೊಡ್ಡದು. ಹಾಡಿನ ಪಟ್ಟಿಯಲ್ಲಿ ಆರು ವಾರ ಮೊದಲಿಗರಾಗಿ ನಿಲ್ಲುವುದಕ್ಕಿಂತ, ಮುರಿದ ಮಾತುಕತೆಯನ್ನು ಪುನಃ ತೊಡಗುವುದಕ್ಕೆ ಹೆಚ್ಚು ಧೈರ್ಯವು ಬೇಕು.

ಈ ಸಂಚಿಕೆಯನ್ನು ಓದುವ ಹಳೆ ವಿದ್ಯಾರ್ಥಿನಿಯರಲ್ಲಿ ಕೆಲವರು ಶಾಲೆಯ ದಿನಗಳ ಗೆಳತಿಯೊಬ್ಬಳೊಡನೆ ಯಾವುದೋ ಹಳೆಯ ಕಾರಣದಿಂದ ಮಾತು ಬಿಟ್ಟಿರಬಹುದು. ಕಾರಣವು ಹಣವೇ ಆಗಿರಲಿ, ಮಾನವೇ ಆಗಿರಲಿ, ಅಂಥವರು ಈ ವಾರದಲ್ಲಿಯೇ ಒಂದು ಕಾಗದವನ್ನು ಬರೆಯಲೆಂದು ನಾವು ವಿಜ್ಞಾಪಿಸುತ್ತೇವೆ.